ಸಹಾಯ ಬೇಕು: ಏರ್‌ರೈಫಲ್‌ಗೆ ಮನೆಯಲ್ಲೇ ಮಾಡಿದ ಬೆಲ್ಟ್ ಹಾಕುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಶ್ರೀರಂಗಪಟ್ಟಣದ ಹತ್ತಿರದವನು. ನನ್ನದು 0.177 ಇಂಚಿನ ಗುಂಡು ಹಾಕುವ ಏರ್‌ರೈಫಲ್, ನಳಿಕೆ ಬಗ್ಗಿಸಿ ಲೋಡ್ ಮಾಡುವ ಮಾದರಿ. ಡಬ್ಬ ಇಟ್ಟು ಗುರಿ ಅಭ್ಯಾಸ ಮಾಡೋಕೆ ತೋಟದವರೆಗೆ ನಡೆಯಬೇಕು, ಕೈಯಲ್ಲಿ ಹಿಡಿದು ಹೋದರೆ ಭುಜ ಸೋತುಹೋಗುತ್ತದೆ.

ಹಾಗಾಗಿ ಹಳೇ ಕಾರಿನ ಸೀಟ್ ಬೆಲ್ಟ್ ಕತ್ತರಿಸಿ ಹೆಗಲಿಗೆ ಹಾಕುವ ಪಟ್ಟಿ ಮಾಡಿದ್ದೇನೆ. ಅದು 48 ಮಿ.ಮೀ. ಅಗಲ, ಪಟ್ಟಿಯನ್ನು ರೈಫಲ್‌ಗೆ ಸಿಕ್ಕಿಸಲು ನಾನು ತಂದ ಕೊಂಡಿಗಳು 25 ಮಿ.ಮೀ., ಅದಕ್ಕೆ ಉದ್ದಕ್ಕೆ ಮಡಚಿ, ಮಂಡ್ಯದಲ್ಲಿ ಚಪ್ಪಲಿ ಹೊಲಿಯುವ ಅಣ್ಣನ ಹತ್ತಿರ ಮೇಣ ಹಚ್ಚಿದ ದಾರದಲ್ಲಿ ಹೊಲಿಸಿದೆ. ಒಂದೊಂದು ಹೊಲಿಗೆಯನ್ನೂ ಎಳೆದು ಎಳೆದು ಬಿಗಿ ಮಾಡಿಕೊಟ್ಟರು, ಬಹಳ ಗಟ್ಟಿಯಾಗಿದೆ. ತುದಿ ಎಳೆ ಬಿಡದ ಹಾಗೆ ಬೆಂಕಿಕಡ್ಡಿಯಲ್ಲಿ ಕರಗಿಸಿದೆ.

ಹಿಂದಿನ ಕೊಂಡಿ ಸುಲಭ, ಹಿಂಬದಿಯ ಮರದ ಅಡಿಯಲ್ಲಿ ಸ್ಕ್ರೂ ಹಾಕಬಹುದು ಅಲ್ವಾ? ಮುಂದಿನದೇ ತಲೆನೋವು. ನಳಿಕೆಗೆ ಕಟ್ಟಿದರೆ ಪಟ್ಟಿ ಎಳೆದಾಗ ಗುರಿ ತಪ್ಪಬಹುದು ಅಂತ ಭಯ. ಮುಂದಿನ ಮರದ ಅಡಿಯಲ್ಲಿ ಲೋಡ್ ಮಾಡುವಾಗ ಸಲಾಕೆ ಓಡಾಡುವ ಉದ್ದನೆಯ ತೋಡು ಇದೆ, ಅಲ್ಲಿ ತೂತು ಕೊರೆದರೆ ಸ್ಕ್ರೂ ಸಲಾಕೆಗೆ ತಗುಲುತ್ತದೆ. ಸುಮ್ನೆ ಕೊರೆದು ಮರ ಸೀಳಿಸಿಕೊಳ್ಳಲು ಇಷ್ಟವಿಲ್ಲ.

ಮರದ ಪಕ್ಕಕ್ಕೆ ಕೊಂಡಿ ಹಾಕಿದವರು ಯಾರಾದರೂ ಇದ್ದೀರಾ? ಎಷ್ಟು ದಪ್ಪದ ಸ್ಕ್ರೂ, ಮೊದಲು ಎಷ್ಟು ಸಣ್ಣ ತೂತು? ಇನ್ನೊಂದು, ಸೀಟ್ ಬೆಲ್ಟ್ ತುಂಬಾ ನುಣುಪು, ಉದ್ದ ಹೊಂದಿಸುವ ಬಕಲ್‌ನಲ್ಲಿ ಹತ್ತು ಹೆಜ್ಜೆಗೇ ಜಾರುತ್ತದೆ. ಹತ್ತಿಯ ಪಟ್ಟಿಗೆ ಬದಲಾಯಿಸಲೇ? ಮಾಡಿ ನೋಡಿದವರು ಫೋಟೋ ಹಾಕಿದರೆ ತುಂಬಾ ಉಪಕಾರ.