ಹಳೇ ಕಾದಂಬರಿ, ಕಪ್ಪು ಕಲಾವಿದರು: ‘ದಿ ವಿಜ್’ ತರದ್ದು ಕೋಲಾರದಲ್ಲಿ ಮಾಡ್ಬೋದಾ?

ಕೋಲಾರದ_ಪರದೆ:
ನಾವೊಂದು ಹನ್ನೆರಡು ಜನ ಕೋಲಾರದಲ್ಲಿ ನಾಟಕ ಆಡ್ಕೊಂಡಿದೀವಿ. ಓಜ್ ಅನ್ನೋ ಮಾಯಾಲೋಕದ ಕಥೆ ಇದ್ಯಲ್ಲ, ಎಲ್. ಫ್ರಾಂಕ್ ಬಾಮ್ 1900ರಲ್ಲಿ ಬರ್ದಿದ್ದು, ಅದನ್ನ 1975ರಲ್ಲಿ ಬ್ರಾಡ್‌ವೇಲಿ, ಅಂದ್ರೆ ನ್ಯೂಯಾರ್ಕಿನ ದೊಡ್ಡ ನಾಟಕಮಂದಿರಗಳ ಕಡೆ, ಬರೀ ಕಪ್ಪು ಕಲಾವಿದರನ್ನೇ ಇಟ್ಕೊಂಡು ‘ದಿ ವಿಜ್’ ಅಂತ ಹಾಡು ಕುಣಿತದ ನಾಟಕ ಮಾಡಿದ್ರಂತೆ. ನನ್ ಡೌಟು ಏನಂದ್ರೆ ಕಥೆ ಅದೇ ಪಾತ್ರ ಅದೇ, ಮೈಬಣ್ಣ ಒಂದು ಬೇರೆ ಆದ್ರೆ ನಾಟಕ ಹೊಸದಾಗುತ್ತಾ? ಕೇಳೋಕೆ ಕಾರಣಾನೂ ಇದೆ. ನಮ್ ಟೀಮಲ್ಲಿ ಒಬ್ಳು ಚೆನ್ನಾಗ್ ಹಾಡ್ತಾಳೆ, ಹಿಂದಿನ ಟೀಮಲ್ಲಿ ರಾಣಿ ಪಾರ್ಟು ಕೇಳಿದ್ದಕ್ಕೆ ಮುಖಕ್ಕೆ ಬೆಳ್ಳಗೆ ಬಳಿದು ನಿಲ್ಲಿಸಿದ್ರಂತೆ, ಮುಖ ಒಂದ್ ಬಣ್ಣ ಕುತ್ತಿಗೆ ಒಂದ್ ಬಣ್ಣ.

ಓದುಗ_ಚಿಂತಾಮಣಿ:
ಎಲ್ಲಾ ಗಿಮಿಕ್ಕು ಗುರು. ಒಳ್ಳೆ ಕಾದಂಬರೀನ ಇದ್ದಂಗೆ ಬಿಡಿ.

ಹಿಂದಿನ_ಸಾಲು:
ಗಿಮಿಕ್ಕಾಗಿದ್ರೆ 1,672 ಶೋ ಓಡ್ತಿರ್ಲಿಲ್ಲ ಅಣ್ಣ, ಅದೂ ಮೊದಲನೇ ರಾತ್ರೀನೇ ನಿಲ್ಲಿಸ್ತೀವಿ ಅಂತ ನೋಟಿಸ್ ಹಾಕಿದ್ ನಾಟಕ, ಆಮೇಲೆ ಟೀವೀಲಿ ಜಾಹೀರಾತು ಕೊಟ್ಟು ಜನ ಬಂದು ಅಲ್ಲಿನ ನಾಟಕಗಳಿಗೆ ಕೊಡೋ ಟೋನಿ ಪ್ರಶಸ್ತಿ 7 ತಗೊಂತು. ಕಥೇಲಿ ಹುಡುಗೀನ ಓಜ್‌ಗೆ ಹೊತ್ಕೊಂಡ್ ಹೋಗೋ ಸುಂಟರಗಾಳಿ ಹೆಂಗ್ ತೋರ್ಸಿದ್ರು ಗೊತ್ತಾ? ಒಬ್ಳು ಕುಣಿಯೋಳು, ತಲೆಯಿಂದ ಉದ್ದಕ್ಕೆ ಕರೀ ಬಟ್ಟೆ, ಅವಳು ತಿರುಗ್ತಾ ಇದ್ರೆ ಅದೇ ಗಾಳಿ. ಅವಳು ಓಜ್‌ನಲ್ಲಿ ನಡ್ಕೊಂಡ್ ಹೋಗೋ ಹಳದಿ ಇಟ್ಟಿಗೆ ದಾರೀನೂ ಮನುಷ್ಯರೇ. ನಿರ್ದೇಶನ, ವಸ್ತ್ರ ಎರಡೂ ಟ್ರಿನಿಡಾಡಿನ ಜೆಫ್ರಿ ಹೋಲ್ಡರಂದು. ಹಾಡು ಹೆಚ್ಚಿನವು ಚಾರ್ಲಿ ಸ್ಮಾಲ್ಸ್‌ದು, ಕಪ್ಪು ಜನರ ಚರ್ಚಿನ ಗಾಸ್ಪೆಲ್ ಹಾಡು, ಅವರದೇ ‘ಸೋಲ್’ ಅನ್ನೋ ಸಂಗೀತ ಎಲ್ಲಾ ಬೆರ್ತಿರೋದು. ಈಗ ನಿಮ್ ಪ್ರಶ್ನೆ. ಮಾಟಗಾತಿ ಸತ್ತು ಅವಳ ಕೈಕೆಳಗಿದ್ದ ಆಳುಗಳಿಗೆ ಬಿಡುಗಡೆ ಆಗೋದು ಬಾಮ್ ಕಾದಂಬರೀಲೂ ಇದೆ, ಓದಿ ಮುಂದಿನ ಪುಟಕ್ಕೆ ಹೋಗ್ತೀವಿ. ಅದೇ ಸೀನಲ್ಲಿ, ಅಜ್ಜ ಮುತ್ತಜ್ಜಂದ್ರು ಗುಲಾಮರಾಗಿದ್ದ ಜನ ನಿಂತು ಸಂಕೋಲೆ ಕಳಚ್ತು ಅಂತ ಹಾಡಿದ್ರೆ? ಒಂದಕ್ಷರ ಕಥೆ ಬದಲಾಗ್ಬೇಕಿಲ್ಲ. ನಮ್ ಕಡೆ ಜೀತ ಅಂದ್ರೇನು ಅಂತ ಯಾರಿಗೂ ಬಿಡಿಸಿ ಹೇಳ್ಬೇಕಾಗಿಲ್ವಲ್ಲ.

ಓದುಗ_ಚಿಂತಾಮಣಿ:
ಆ ಸೀನ್ ವಿಷಯ ಒಪ್ದೆ. ಆದ್ರೆ ಇದೇ ನಾಟಕದ 1978ರ ಸಿನಿಮಾ ನೋಡಿದೀನಿ, ಮೈಕಲ್ ಜಾಕ್ಸನ್ ಇದ್ರೂ ಬೋರು.

ಗುಬ್ಬಿ_ಗೇಟ್_ತುಮಕೂರು:
ಸಿನಿಮಾ ಬಿಡಿ ಸಾರ್, ದುಡ್ಡು ಸುರಿದು ಕೆಡ್ಸಿದ್ರು. ಕೋಲಾರದೋರೆ, ನೀವು ಮೊದ್ಲು ಹಾಡು ಕಟ್ಟಿ, ಆಮೇಲೆ ಪಾರ್ಟು ಹಂಚಿ. ತಮಟೆಯೋರನ್ನ ಸೈಡಲ್ಲಿ ಕೂರಿಸ್ಬೇಡಿ, ಸುಂಟರಗಾಳಿ ಅವರೇ ಆಗ್ಲಿ. ಚರ್ಮದ ತಮಟೆ ಆದ್ರೆ ಒಂದ್ ಮಾತು, ನಡುನಡುವೆ ಬೆಂಕಿಗೆ ಹಿಡಿದು ಕಾಯ್ಸ್ಬೇಕು, ಇಲ್ದಿದ್ರೆ ನಾದ ಕೂತ್ಬಿಡುತ್ತೆ, ಹಾಲ್ ಒಳಗೆ ಬೆಂಕಿ ಹಚ್ಚೋಕೆ ಬಿಡಲ್ಲ. ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ಹಾಡು ಮಾಡ್ತಾರಲ್ಲ, ಹಂಗೆ ಬಯಲಲ್ಲಿ ಆಡಿ.

ಕೋಲಾರದ_ಪರದೆ:
ತಮಟೇನೇ ಗಾಳಿ, ಇದು ಹೊಳ್ದೇ ಇರ್ಲಿಲ್ಲ ಸಾರ್. ನಮ್ ಹಾಡೋ ಹುಡುಗಿಗೆ ಫೋನ್ ಮಾಡ್ದೆ, ಮೇಕಪ್ಪು ಬಳಿಯಲ್ಲ ಅಂತ ಮೊದ್ಲೇ ಹೇಳು, ಆಮೇಲೆ ಬರ್ತೀನಿ ಅಂದ್ಳು.