ಸಾಹಿತ್ಯಿಕ ವರದಿಯಲ್ಲಿ (ನಿಜ ಘಟನೆಯನ್ನು ಕಥೆಯಂತೆ ಹೇಳುವ ಬರಹದಲ್ಲಿ) ಕಲ್ಪನೆ ಎಲ್ಲಿಯವರೆಗೆ? ಬರಹಗಾರರ ಗುಂಪಿನಲ್ಲಿ ಸಂಪಾದಕಿಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ಬಾವಿ ತೋಡುವಾಗ ಮಣ್ಣು ಕುಸಿದು ತೀರಿಕೊಂಡ ಕಾರ್ಮಿಕರೊಬ್ಬರ ಕುರಿತು ದೀರ್ಘ ವರದಿ ಬರೆಯುತ್ತಿದ್ದೇನೆ. ಕೊನೆಯ ಗಳಿಗೆಯಲ್ಲಿ ಅವರು ಮಗಳನ್ನು ನೆನೆದರು ಎಂದು ಬರೆದಿದ್ದೇನೆ. ಇದು ತಪ್ಪೇ?

ಸಂಪಾದಕಿ: ತಪ್ಪು. ನಿಮ್ಮ ಪ್ರಶ್ನೆ ಬೆಳಿಗ್ಗೆಯಿಂದ ನನ್ನನ್ನು ಕಾಡುತ್ತಿದೆ. ಬದುಕಿರುವವರ ಮನಸ್ಸಿನ ಮಾತನ್ನು ತಪ್ಪಾಗಿ ಬರೆದರೆ ಅವರು ಬಂದು ಜಗಳವಾಡಬಹುದು. ತೀರಿಕೊಂಡವರಿಗೆ ಆ ಅವಕಾಶವಿಲ್ಲ, ಆದ್ದರಿಂದಲೇ ಅಲ್ಲಿ ನಮ್ಮ ಕೈ ಇನ್ನಷ್ಟು ಬಿಗಿಯಾಗಿರಬೇಕು. ಆ ಮಗಳು ಮುಂದೊಂದು ದಿನ ನಿಮ್ಮ ಸಾಲನ್ನು ಓದಿ, ಅದನ್ನೇ ಅಪ್ಪನ ಕೊನೆಯ ನೆನಪೆಂದು ಜೀವನವಿಡೀ ಇಟ್ಟುಕೊಳ್ಳುತ್ತಾಳೆ. ಅಮೆರಿಕದ ಪತ್ರಕರ್ತ ಜಾನ್ ಹರ್ಸಿ 1946ರಲ್ಲಿ ಹಿರೋಷಿಮಾದ ಅಣುಬಾಂಬ್ ದಾಳಿಯ ಬಗ್ಗೆ ಬರೆದಾಗ ಆರು ಮಂದಿಯ ಮನಸ್ಸಿನೊಳಗೆ ಇಳಿದರು; ಆ ಆರೂ ಮಂದಿ ಬದುಕುಳಿದಿದ್ದರು, ಹರ್ಸಿ ಅವರನ್ನೇ ಕೇಳಿ ಬರೆದರು. ನೀವೂ ಮೇಲೆ ಹಗ್ಗ ಹಿಡಿದು ನಿಂತಿದ್ದವರ ಬಳಿಗೆ ಹೋಗಿ. ಹಗ್ಗ ಯಾವಾಗ ಸಡಿಲವಾಯಿತು, ಕೂಗು ಕೇಳಿತೇ, ಊಟದ ಡಬ್ಬಿ ತೆರೆಯದೆ ಉಳಿಯಿತೇ ಎಂದು ಕೇಳಿ.

ಪ್ರಶ್ನೆ: ಸಂಭಾಷಣೆಯನ್ನು ನಾವೇ ಬರೆಯಬಹುದೇ?

ಸಂಪಾದಕಿ: ಇಲ್ಲ.

ಪ್ರಶ್ನೆ: ವರದಿಯಲ್ಲಿ ವ್ಯಕ್ತಿಯ ಹೆಸರು ಬದಲಿಸಿದರೆ ವೃತ್ತಿಯನ್ನೂ ಬದಲಿಸಬೇಕೇ?

ಸದಸ್ಯ: ಬಂದ ಸಂದೇಶವೊಂದನ್ನು ಹಂಚುತ್ತಿದ್ದೇನೆ: ಶೇಕಡಾ 80 ಸತ್ಯ, 20 ಕಲ್ಪನೆ ಇದ್ದರೆ ಬರಹಕ್ಕೆ ಜೀವ ಬರುತ್ತದೆ.

ಸಂಪಾದಕಿ: ಈ ಸೂತ್ರವನ್ನು ಈ ವಾರ ಮೂರನೆಯ ಬಾರಿ ನೋಡುತ್ತಿದ್ದೇನೆ. ಸುಳ್ಳಾದ 20 ಯಾವುದೆಂದು ಓದುಗರಿಗೆ ತಿಳಿಯದ ಕಾರಣ ಉಳಿದ 80ರ ಮೇಲಿನ ನಂಬಿಕೆಯೂ ಹೋಗುತ್ತದೆ. ದಯವಿಟ್ಟು ಇಲ್ಲಿ ಹಂಚಬೇಡಿ. ಕಲ್ಪನೆ ಕೆಲಸ ಮಾಡಬೇಕಾದದ್ದು ಎಲ್ಲಿ ಆರಂಭಿಸಬೇಕು, ಯಾವ ವಿವರವನ್ನು ತಡೆಹಿಡಿಯಬೇಕು ಎಂಬಲ್ಲಿ.

ಅದೇ ಸದಸ್ಯ: ಅಮೆರಿಕದ ಲೇಖಕ ಟ್ರೂಮನ್ ಕಪೋಟಿ ನಿಜವಾದ ಕೊಲೆ ಪ್ರಕರಣದ ಕುರಿತ ‘ಇನ್ ಕೋಲ್ಡ್ ಬ್ಲಡ್’ ಪುಸ್ತಕದಲ್ಲಿ ಕೊನೆಯ ಸ್ಮಶಾನದ ದೃಶ್ಯವನ್ನು ಕಲ್ಪಿಸಿ ಬರೆದರಲ್ಲವೇ? ಆ ಪುಸ್ತಕವನ್ನು ಇಂದಿಗೂ ಓದುತ್ತೇವೆ.

ಇನ್ನೊಬ್ಬ ಸದಸ್ಯೆ: ಅದು ನಿಜವೆಂದು ನಂಬಿ ಓದಿದವರಿಗೆ ಮೋಸವಾಯಿತು. ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ವರದಿಗಾರ್ತಿ ಜಾನೆಟ್ ಕುಕ್ 1980ರಲ್ಲಿ ಹೆರಾಯಿನ್ ಚಟಕ್ಕೆ ಬಿದ್ದ ಎಂಟು ವರ್ಷದ ಹುಡುಗನ ಕಥೆ ಕಟ್ಟಿದಾಗ ಇಲ್ಲದ ಆ ಮಗುವಿಗಾಗಿ ಪೊಲೀಸರು ನಗರವಿಡೀ ಹುಡುಕಿದರು. ಆ ವರದಿಗೆ ಬಂದ ಪುಲಿಟ್ಜರ್ ಪತ್ರಿಕೋದ್ಯಮ ಪ್ರಶಸ್ತಿಯನ್ನು 1981ರಲ್ಲಿ ಹಿಂದಿರುಗಿಸಬೇಕಾಯಿತು.

ಸದಸ್ಯ: ವಂಚನೆಯನ್ನೂ ಕಲೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೀರಿ.

ಸದಸ್ಯೆ: ಹಾಗಾದರೆ ನಿಮ್ಮ ವರದಿಗಳಲ್ಲಿ ಕಲೆ ಎಷ್ಟಿದೆ ಎಂದು ಮೊದಲು ತಿಳಿಸಿ.

ಸದಸ್ಯ: ವೈಯಕ್ತಿಕ ಮಾತು ಬೇಡ.

ಪ್ರಶ್ನೆ: ನೆನಪಿನಿಂದ ಸಂಭಾಷಣೆ ಬರೆಯಬಹುದೇ?

ಸಂಪಾದಕಿ: ಮೇಲೆ ಓದಿ. ಉದ್ಧರಣ ಚಿಹ್ನೆಯೊಳಗೆ ಆಡಿದ ಮಾತಷ್ಟೇ ಇರಬೇಕು.

ಪ್ರಶ್ನೆ: ಹೆಸರು, ವೃತ್ತಿಯ ಬಗ್ಗೆ ಕೇಳಿದ್ದೆ. ಉತ್ತರ ಬಂದಿಲ್ಲ.

ಮೊದಲು ಕೇಳಿದವರು: ಮೇಡಂ, ಹಗ್ಗ ಹಿಡಿದಿದ್ದವರ ಜೊತೆ ಮಾತನಾಡಿದೆ. ಕೂಗು ಕೇಳಿಸಲಿಲ್ಲವಂತೆ. ಊಟವನ್ನು ಅವರು ಬಾವಿಗೆ ಇಳಿಯುವ ಮೊದಲೇ ಮುಗಿಸಿದ್ದರಂತೆ.

ಸಂಪಾದಕಿ: ಊಟ ಮುಗಿಸಿ ಇಳಿದರು ಎಂದೇ ಬರೆಯಿರಿ. ಅಲ್ಲಿದ್ದ ಇನ್ನೊಬ್ಬರನ್ನೂ ಕೇಳಿದ ಮೇಲೆ.