ಗ್ರೀನ್ ಪಕ್ಕ ಚಿಪ್ ಪದೇ ಪದೇ ಕೆಡುತ್ತಿದೆ: ಚಿಪ್ಪರ್ ತಗೊಳ್ಳಲಾ, ವೆಡ್ಜಲ್ಲೇ ಕಲಿಯಲಾ?

ಬನಶಂಕರಿ ಬೋಗಿ:

ಎಲ್ಲರಿಗೂ ನಮಸ್ಕಾರ. ಗಾಲ್ಫ್‌ನಲ್ಲಿ ನನ್ನ ಹ್ಯಾಂಡಿಕ್ಯಾಪ್ 22 (ಇದು ಕಡಿಮೆ ಇದ್ದಷ್ಟೂ ಒಳ್ಳೆ ಆಟ). ಭಾನುವಾರ ಬೆಳಿಗ್ಗೆ ಒಂದು ರೌಂಡ್, ನಡುವೆ ಬಿಡುವಾದರೆ ರೇಂಜ್‌ನಲ್ಲಿ ಅಭ್ಯಾಸ. ಡ್ರೈವರ್ ಪರವಾಗಿಲ್ಲ, ಐರನ್‌ಗಳೂ ನಡೆಯುತ್ತವೆ. ಗ್ರೀನ್, ಅಂದರೆ ಕುಳಿ ಇರುವ ನುಣುಪು ಹುಲ್ಲಿನ ಜಾಗದ ಹತ್ತಿರ ಬಂದು ಚಿಪ್ (ಬಾಲನ್ನು ಸ್ವಲ್ಪ ಎತ್ತಿ ಉರುಳಿಸುವ ಚಿಕ್ಕ ಹೊಡೆತ) ಮಾಡುವಾಗಲೇ ತೊಂದರೆ ಶುರು.

ಮುಖ 56 ಡಿಗ್ರಿ ವಾಲಿರುವ ಸ್ಯಾಂಡ್ ವೆಡ್ಜ್ ಹಿಡಿದರೆ ಎರಡರಲ್ಲಿ ಒಂದು ಗ್ಯಾರಂಟಿ. ಕ್ಲಬ್ ನೆಲಕ್ಕೆ ಕಚ್ಚಿಕೊಂಡು ಬಾಲ್ ಎರಡು ಹೆಜ್ಜೆ ಹೋಗಿ ನಿಲ್ಲುತ್ತದೆ. ಇಲ್ಲವೇ ಅಂಚು ಬಾಲಿನ ಹೊಟ್ಟೆಗೆ ಬಡಿದು, ಬಾಲ್ ಗ್ರೀನ್ ದಾಟಿ ಆಚೆ ಬಂಕರ್‌ಗೆ, ಅಂದರೆ ಮರಳು ಗುಂಡಿಗೆ, ಬೀಳುತ್ತದೆ. ಜೊತೆಗೆ ಆಡುವ ಹಿರಿಯರೊಬ್ಬರು ಚಿಪ್ ಮಾಡಲೆಂದೇ ಇರುವ ಕ್ಲಬ್, ಚಿಪ್ಪರ್, ತಗೊಳ್ಳಿ ಎನ್ನುತ್ತಾರೆ. ಇನ್ನೊಬ್ಬರು, ಅದನ್ನು ಬ್ಯಾಗಿನಲ್ಲಿ ಇಟ್ಟರೆ ಆಟ ಬರಲ್ಲ ಅಂತ ಬೋರ್ಡ್ ಹಾಕಿಕೊಂಡ ಹಾಗೆ ಎನ್ನುತ್ತಾರೆ. ನಿಜವಾಗಿ ಬಳಸಿದವರು ಹೇಳಿ. ದುಡ್ಡು ಹಾಕಬಹುದಾ?

ರಫ್‌ನಿಂದ ರಾಮು:

ಸರ್, ಚಿಪ್ಪರ್ ವಿಷಯಕ್ಕೆ ಬರುವ ಮೊದಲು ಮೂರು ಪ್ರಶ್ನೆ. ಬಾಲ್ ಕೂತಿರುವ ಜಾಗ ಹೇಗಿರುತ್ತದೆ, ಬರೀ ನೆಲವೋ, ಒತ್ತಾದ ಹುಲ್ಲೋ? ನಿಲ್ಲುವಾಗ ಬಾಲ್ ಯಾವ ಕಾಲಿನ ಕಡೆ ಇರುತ್ತದೆ? ಕೈ ಬಾಲಿಗಿಂತ ಎಷ್ಟು ಮುಂದೆ ಇರುತ್ತದೆ? ಸಾಧ್ಯವಾದರೆ ಒಂದು ವಿಡಿಯೋ ಮಾಡಿಸಿ ನೋಡಿ.

ಬನಶಂಕರಿ ಬೋಗಿ:

ಕ್ಯಾಡಿ ಅಣ್ಣನ ಕೈಗೆ ಫೋನ್ ಕೊಟ್ಟು ವಿಡಿಯೋ ಮಾಡಿಸಿದೆ. ಬಾಲ್ ಬಲಗಾಲಿನ ಹೆಬ್ಬೆರಳಿನ ನೇರಕ್ಕಿದೆ. ಕೈ ಎಡತೊಡೆಯಿಂದಲೂ ಆಚೆ ಹೋಗಿದೆ. ಯೂಟ್ಯೂಬ್‌ನಲ್ಲಿ 'ಬಾಲ್ ಹಿಂದೆ, ಕೈ ಮುಂದೆ' ಎಂದು ಹೇಳಿದ್ದನ್ನೇ ಮಾಡುತ್ತಿದ್ದೇನೆ. ಜಾಗ ಹೆಚ್ಚಾಗಿ ಫ್ರಿಂಜ್ (ಗ್ರೀನ್ ಅಂಚಿನ ಪಟ್ಟಿ), ಹುಲ್ಲು ಗಿಡ್ಡವಾಗಿಯೇ ಇರುತ್ತದೆ. ಮಳೆ ಬಂದ ಮರುದಿನ ತುಂಬಾ ಕೆಡುತ್ತದೆ.

ರಫ್‌ನಿಂದ ರಾಮು:

ಕಾರಣ ಅಲ್ಲೇ ಇದೆ ಸರ್.

ಸ್ಯಾಂಡ್ ವೆಡ್ಜಿನ ಅಡಿಭಾಗ ಅಂಚಿಗಿಂತ ಕೆಳಗೆ ಉಬ್ಬಿರುತ್ತದೆ. ಅದೇ ಬೌನ್ಸ್. ಸಾಮಾನ್ಯವಾಗಿ 10ರಿಂದ 14 ಡಿಗ್ರಿ. ಕ್ಲಬ್ ಮಣ್ಣಿಗೆ ಇಳಿಯದೆ ಜಾರಿಕೊಂಡು ಹೋಗಲಿ ಎಂದೇ ಅದನ್ನು ಇಟ್ಟಿರುವುದು. ನೀವು ಶಾಫ್ಟನ್ನು (ಕ್ಲಬ್ಬಿನ ಕೋಲು) ಎಷ್ಟು ಡಿಗ್ರಿ ಮುಂದಕ್ಕೆ ವಾಲಿಸುತ್ತೀರೋ ಹೆಚ್ಚುಕಡಿಮೆ ಅಷ್ಟು ಡಿಗ್ರಿ ಲಾಫ್ಟ್ (ಕ್ಲಬ್ ಮುಖದ ವಾಲು) ಕಡಿಮೆಯಾಗುತ್ತದೆ, ಅಷ್ಟೇ ಬೌನ್ಸೂ ಹೋಗುತ್ತದೆ. 10 ಬೌನ್ಸ್ ಇರುವ 56ರ ವೆಡ್ಜನ್ನು 10 ಡಿಗ್ರಿ ವಾಲಿಸಿದರೆ ನಿಮ್ಮ ಕೈಯಲ್ಲಿ ಉಳಿಯುವುದು ಬೌನ್ಸೇ ಇಲ್ಲದ 46ರ ಕ್ಲಬ್. ಬರಿ ಅಂಚು. ಅದು ನೆಲಕ್ಕೆ ಮೊದಲು ತಾಗಿದರೆ ಇಳಿಯಲೇಬೇಕು. ಒಂದೆರಡು ಸಲ ಹಾಗಾದ ಮೇಲೆ ಮನಸ್ಸಿಗೆ ಭಯ ಹತ್ತುತ್ತದೆ. ಕೈ ತಾನಾಗಿಯೇ ಮೇಲಕ್ಕೆ ಎಳೆಯುತ್ತದೆ, ಆಗ ಬಾಲಿನ ಹೊಟ್ಟೆಗೆ ಪೆಟ್ಟು. ನಿಮಗೆ ಎರಡು ತೊಂದರೆ ಎಂದು ಕಾಣುತ್ತಿರುವುದು ಒಂದೇ ತೊಂದರೆ.

ನಮ್ಮ ಕಡೆ ಹುಲ್ಲಿನ ಪಾತ್ರವೂ ಇದೆ. ಇಲ್ಲಿ ಹೆಚ್ಚಾಗಿ ಇರುವುದು ಗರಿಕೆ ಜಾತಿಯ ಬರ್ಮುಡಾ. ಅದು ಒಂದು ದಿಕ್ಕಿಗೆ ವಾಲಿಕೊಂಡು ಬೆಳೆಯುತ್ತದೆ, ಬಳ್ಳಿ ಗಟ್ಟಿ. ವಾಲಿರುವ ದಿಕ್ಕಿಗೆ ಎದುರಾಗಿ ಚಿಪ್ ಮಾಡಿದರೆ ಅಂಚು ಬಳ್ಳಿಗೆ ಸಿಕ್ಕಿಕೊಳ್ಳುತ್ತದೆ. ಕೆಳಗಿನ ಮಣ್ಣೂ ನೆನೆದಿದ್ದರೆ ಇನ್ನೂ ಕಷ್ಟ. ಶಾಟ್ ಮುಂಚೆ ಪಕ್ಕದಲ್ಲಿ ಕ್ಲಬ್ ಸವರಿ ಎರಡು ಪ್ರಾಕ್ಟೀಸ್ ಸ್ವಿಂಗ್ ಮಾಡಿ. ಸಲೀಸಾಗಿ ಹೋದರೆ ಹುಲ್ಲು ನಿಮ್ಮ ಕಡೆಗಿದೆ. ತಡೆದರೆ ಸ್ಯಾಂಡ್ ವೆಡ್ಜ್ ಬ್ಯಾಗಿಗೆ ವಾಪಸ್ ಹಾಕಿ.

ಈಗ ಖರ್ಚಿಲ್ಲದ ಪರೀಕ್ಷೆ. ನಿಮ್ಮ 8 ಐರನ್ ತೆಗೆದುಕೊಳ್ಳಿ. ಗ್ರಿಪ್ ಕೆಳಗೆ, ಹೆಚ್ಚುಕಡಿಮೆ ಲೋಹದ ಹತ್ತಿರ ಹಿಡಿಯಿರಿ. ಗ್ರೀನ್ ಮೇಲೆ ಬಾಲ್ ಉರುಳಿಸುವ ಪಟರ್ ಹಿಡಿಯುವ ರೀತಿಯಲ್ಲೇ ಹಿಡಿಯಿರಿ. ಬಾಲಿನ ಹತ್ತಿರ ನಿಂತು ಶಾಫ್ಟ್ ನೆಟ್ಟಗೆ ಮಾಡಿ. ಕ್ಲಬ್ಬಿನ ಹಿಮ್ಮಡಿ ನೆಲದಿಂದ ಸ್ವಲ್ಪ ಎದ್ದು ತುದಿ ಮಾತ್ರ ನೆಲಕ್ಕೆ ತಾಗಬೇಕು. ಬಾಲ್ ನಡುವಿಗಿಂತ ಒಂಚೂರು ಹಿಂದೆ, ಮೈಭಾರ ಎಡಗಾಲಿನ ಮೇಲೆ. ಮಣಿಕಟ್ಟು ಮುರಿಯದೆ ಭುಜದಿಂದ ಪಟ್ ಮಾಡಿದ ಹಾಗೆ ಹೊಡೆಯಿರಿ. ಹಿಮ್ಮಡಿ ಎದ್ದಿರುವುದರಿಂದ ಹುಲ್ಲಿಗೆ ತಾಗುವ ಭಾಗ ಕಡಿಮೆ, ಸಿಕ್ಕಿಕೊಳ್ಳುವುದೂ ಕಡಿಮೆ.

ಚಿಪ್ಪರ್ ಕೂಡ ಇದೇ ಕೆಲಸ ಮಾಡುವುದು. ಉದ್ದ ಪಟರ್‌ನಷ್ಟು, ಲೈ (ಶಾಫ್ಟ್ ನೆಲದ ಜೊತೆ ಮಾಡುವ ಕೋನ) ನೆಟ್ಟಗೆ, ಲಾಫ್ಟ್ 8 ಅಥವಾ 9 ಐರನ್ ಹತ್ತಿರ. ಪಿಂಗ್‌ನವರು 2022ರಲ್ಲಿ ತಂದ ಚಿಪ್ಪರ್‌ನಲ್ಲಿ 38.5 ಡಿಗ್ರಿ ಇದೆ, 35 ಇಂಚು ಉದ್ದ. ಕ್ಲೀವ್‌ಲ್ಯಾಂಡ್‌ನವರ ಸ್ಮಾರ್ಟ್ ಸೋಲ್ ಸಿ 42 ಡಿಗ್ರಿಯದು, ಅಡಿಭಾಗ ಅಗಲ. ನೀವು 8 ಐರನ್‌ನಲ್ಲಿ ಬಗ್ಗಿ, ಕೆಳಗೆ ಹಿಡಿದು, ಹಿಮ್ಮಡಿ ಎತ್ತಿ ತಂದುಕೊಳ್ಳುವ ಭಂಗಿಯನ್ನು ಅಲ್ಲಿ ಕ್ಲಬ್ಬೇ ಕೊಡುತ್ತದೆ. ಮೊದಲು 8 ಐರನ್‌ನಲ್ಲಿ ಆಡಿ ನೋಡಿ. ಅದರಲ್ಲೇ ಸರಿ ಬಂದರೆ ದುಡ್ಡು ಉಳಿಯಿತು.

ಮುಂಜಾನೆ ಟೀ:

ರಾಮು ಸರ್ ಹೇಳಿದ್ದೆಲ್ಲ ಸರಿ, ಆದರೆ ಎಲ್ಲರಿಗೂ 8 ಐರನ್ ಸಾಕಾಗಲ್ಲ. ನಮ್ಮ ತಂದೆಗೆ ಎಪ್ಪತ್ತು ದಾಟಿದೆ, ಸೊಂಟ ನೋವು. ಐರನ್ ಅಷ್ಟು ಕೆಳಗೆ ಹಿಡಿದರೆ ಬಗ್ಗಲೇಬೇಕು, ಬಗ್ಗಿದರೆ ಒಂಬತ್ತು ಹೋಲ್ ಮುಗಿಯುವಷ್ಟರಲ್ಲಿ ಅವರಿಗೆ ಸಾಕಾಗುತ್ತದೆ. ಚಿಪ್ಪರ್ ಬಂದ ಮೇಲೆ ಪಟ್ ಮಾಡುವಾಗ ನಿಲ್ಲುವ ಹಾಗೇ ನಿಂತು ಆಡುತ್ತಾರೆ. ಎಲ್ಲ ಬಾಲೂ ಪಿನ್ (ಕುಳಿಯಲ್ಲಿರುವ ಬಾವುಟದ ಕೋಲು) ಪಕ್ಕ ಹೋಗುತ್ತದೆ ಎಂದು ಹೇಳಲ್ಲ. ಆದರೆ ಗ್ರೀನ್ ಮೇಲೆ ಅಂತೂ ಇರುತ್ತದೆ, ಮುಂದಿನದು ಪಟ್. ಅವರಿಗೆ ಬೇಕಾಗಿದ್ದೇ ಅದು.

ನಗುವವರ ಬಗ್ಗೆ ಒಂದು ಮಾತು. ಹೈಗ್ರೌಂಡ್ಸ್‌ನ ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಆಗ ಯಾರ ಬ್ಯಾಗಲ್ಲೂ ಈಗಿನ ಸ್ಯಾಂಡ್ ವೆಡ್ಜ್ ಇರಲಿಲ್ಲ. ಜೀನ್ ಸಾರಜೆನ್ 1932ರ ಬ್ರಿಟಿಷ್ ಓಪನ್‌ನಲ್ಲಿ ಅದನ್ನು ಬಳಸಿ ಗೆದ್ದ ಮೇಲೆಯೇ ಅದು ಎಲ್ಲರಿಗೂ ಬೇಕಾಗಿದ್ದು. ಮರದ ಶಾಫ್ಟಿನ ಕಾಲದಲ್ಲಿ ಗ್ರೀನ್ ಪಕ್ಕದಿಂದ ಬಾಲ್ ಉರುಳಿಸಲು ಜಿಗ್ಗರ್ ಎಂಬ ಕ್ಲಬ್ಬೇ ಇತ್ತು, ಮುಖ ಗಿಡ್ಡ, ಲಾಫ್ಟ್ ಕಡಿಮೆ. ಸೇಂಟ್ ಆಂಡ್ರೂಸ್‌ನ 17ನೇ ಹೋಲ್ ಪಕ್ಕದ ಜಿಗ್ಗರ್ ಇನ್ ಇವತ್ತಿಗೂ ಆ ಹೆಸರಲ್ಲೇ ನಡೆಯುತ್ತಿದೆ. ಹಾಗಾಗಿ ಚಿಪ್ಪರ್ ಎಂದರೆ ಕೈಲಾಗದವರ ಕ್ಲಬ್ ಎಂಬ ಮಾತನ್ನು ನಾನು ಒಪ್ಪಲ್ಲ.

ಸಿಂಗಲ್ ಹ್ಯಾಂಡಿಕ್ಯಾಪ್:

ಅಪ್ಪನವರ ವಿಷಯ ಬೇರೆ ಮೇಡಂ, ಅದು ಸರಿಯಾದ ನಿರ್ಧಾರ. ಆದರೆ ಬೋಗಿ ಸರ್‌ಗೆ ಸೊಂಟ ನೋವಿಲ್ಲ. ಚಿಪ್ಪರ್ ಒಂದೇ ಶಾಟ್ ಆಡುತ್ತದೆ: ಬಾಲ್ ಸ್ವಲ್ಪ ಎದ್ದು ಜಾಸ್ತಿ ಉರುಳಬೇಕು. ನಡುವೆ ಬಂಕರ್ ಇದ್ದರೆ? ಪಿನ್ ಇರುವ ಬದಿಯಲ್ಲೇ ಗ್ರೀನ್ ತಪ್ಪಿ, ನಿಲ್ಲಿಸಲು ನಾಲ್ಕೇ ಹೆಜ್ಜೆ ಜಾಗ ಇದ್ದರೆ? ಇಳಿಜಾರಿನ ಗ್ರೀನ್, ಉದ್ದ ಹುಲ್ಲು ಇದ್ದರೆ? ಅಲ್ಲೆಲ್ಲ ವೆಡ್ಜೇ ಬೇಕು. ಚಿಪ್ಪರ್ ಬಂತೆಂದು ವೆಡ್ಜ್ ಅಭ್ಯಾಸ ಬಿಟ್ಟರೆ ಆ ಶಾಟ್‌ಗಳು ಎಂದಿಗೂ ಬರಲ್ಲ.

ನಮ್ಮ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 4ನೇ ಸ್ಥಾನಕ್ಕೆ ಬಂದರಲ್ಲ, ಡ್ರೈವ್ ದೂರದಲ್ಲಿ ಅವರು ಹಿಂದೆಯೇ ಇದ್ದರು. ಗ್ರೀನ್ ಮೇಲೆ ಮತ್ತು ಗ್ರೀನ್ ಸುತ್ತ ಆಡಿದ ಆಟವೇ ಅಲ್ಲಿಗೆ ತಂದಿದ್ದು. ರೇಂಜಿನಲ್ಲಿ ಡ್ರೈವರ್‌ಗೆ ಕೊಡುವ ಸಮಯದಲ್ಲಿ ಅರ್ಧ ಇತ್ತ ಕೊಡಿ ಸರ್. ಬಾಲ್ ನಡುವಿಗೆ ತನ್ನಿ, ಶಾಫ್ಟ್ ಹೆಚ್ಚುಕಡಿಮೆ ನೆಟ್ಟಗಿರಲಿ, ಬೌನ್ಸ್ ನೆಲ ಸವರಲಿ. ಅಷ್ಟಕ್ಕೇ ವೆಡ್ಜ್ ಕಚ್ಚುವುದು ತುಂಬಾ ಕಡಿಮೆಯಾಗುತ್ತದೆ.

ರೂಲ್ಸ್ ಪುಸ್ತಕ:

ಕೊಳ್ಳುವ ಮುಂಚೆ ಇದನ್ನು ಓದಿ. ಆನ್‌ಲೈನ್‌ನಲ್ಲಿ ಎರಡೂ ಬದಿಗೆ ಮುಖ ಇರುವ ಚಿಪ್ಪರ್ ಅಗ್ಗಕ್ಕೆ ಸಿಗುತ್ತದೆ. ಅದು ನಿಯಮಕ್ಕೆ ಹೊಂದಲ್ಲ. ಲಾಫ್ಟ್ 10 ಡಿಗ್ರಿ ದಾಟಿದರೆ ಅದು ಪಟರ್ ಅಲ್ಲ. ಚಿಪ್ಪರ್‌ಗೆ ಐರನ್‌ನ ನಿಯಮವೇ ಅನ್ವಯ: ಹೊಡೆಯುವ ಮುಖ ಒಂದೇ, ಶಾಫ್ಟ್ ಹಿಮ್ಮಡಿ ಕಡೆ ಸೇರಿರಬೇಕು, ಗ್ರಿಪ್ ದುಂಡಗಿರಬೇಕು. ಪಟರ್ ಗ್ರಿಪ್ ಹಾಗೆ ಒಂದು ಬದಿ ಚಪ್ಪಟೆ ಇದ್ದರೆ ನಡೆಯಲ್ಲ. ಹೊಂದದ ಕ್ಲಬ್ಬಿಂದ ಸ್ಪರ್ಧೆಯಲ್ಲಿ ಒಂದೇ ಒಂದು ಶಾಟ್ ಹೊಡೆದರೂ ಶಿಕ್ಷೆ ಅನರ್ಹತೆ.

ಇನ್ನೊಂದು, 14 ಕ್ಲಬ್ಬಿನ ಮಿತಿ. ಚಿಪ್ಪರ್ ಸೇರಿಸಿದರೆ ಏನಾದರೂ ತೆಗೆಯಬೇಕು. 15 ಇಟ್ಟುಕೊಂಡು ಆಡಿದರೆ ಸ್ಟ್ರೋಕ್ ಪ್ಲೇನಲ್ಲಿ (ಒಟ್ಟು ಹೊಡೆತ ಎಣಿಸುವ ಆಟ) ಪ್ರತಿ ಹೋಲ್‌ಗೆ ಎರಡು ಸ್ಟ್ರೋಕ್ ದಂಡ, ರೌಂಡಿಗೆ ಹೆಚ್ಚೆಂದರೆ ನಾಲ್ಕು.

ಬನಶಂಕರಿ ಬೋಗಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 8 ಐರನ್ ಪ್ರಯೋಗ ಮಾಡಿದೆ. ಮೊದಲು ವಿಚಿತ್ರ ಅನಿಸಿತು, ಹಿಮ್ಮಡಿ ಎತ್ತಿದರೆ ಬಾಲ್ ಎಲ್ಲೋ ಹೋಗುತ್ತದೆ ಎಂಬ ಭಯ. ನೇರವಾಗಿಯೇ ಹೋಯಿತು. ಪೆಟ್ಟು ಮೆತ್ತಗೆ, ಟಪ್ ಅನ್ನುವ ಸದ್ದು. ನೆಲಕ್ಕೆ ಕಚ್ಚಿದ್ದು ಬಹಳ ಕಡಿಮೆ. ಈಗ ಸಮಸ್ಯೆ ದೂರದ್ದು. ಕೆಲವು ಪಿನ್ ದಾಟಿ ಹೋಗುತ್ತವೆ, ಕೆಲವು ಅರ್ಧಕ್ಕೇ ನಿಲ್ಲುತ್ತವೆ. ಎಲ್ಲಿ ಬೀಳಿಸಬೇಕು ಎಂದು ಹೇಗೆ ಲೆಕ್ಕ ಹಾಕುತ್ತೀರಿ?

ರಫ್‌ನಿಂದ ರಾಮು:

ಖುಷಿಯಾಯಿತು ಸರ್. ಲೆಕ್ಕ ಸುಲಭ. 12ರಿಂದ ಐರನ್ ನಂಬರ್ ಕಳೆಯಿರಿ. 8 ಐರನ್ ಆದರೆ 4 ಉಳಿಯುತ್ತದೆ. ಅಂದರೆ ಗಾಳಿಯಲ್ಲಿ ಒಂದು ಪಾಲು, ನೆಲದ ಮೇಲೆ ನಾಲ್ಕು ಪಾಲು. 9 ಐರನ್‌ಗೆ ಮೂರು, ಪಿಚಿಂಗ್ ವೆಡ್ಜನ್ನು 10 ಎಂದುಕೊಂಡರೆ ಎರಡು.

ಬಾಲ್ ಗ್ರೀನ್ ಅಂಚಿಂದ ಎರಡು ಹೆಜ್ಜೆ ಹೊರಗೆ, ಬಾಲಿನಿಂದ ಪಿನ್ 15 ಹೆಜ್ಜೆ ಎಂದುಕೊಳ್ಳಿ. 8 ಐರನ್‌ನಲ್ಲಿ 3 ಹೆಜ್ಜೆ ಗಾಳಿ, 12 ಹೆಜ್ಜೆ ಉರುಳು. ಅಂದರೆ ಗ್ರೀನ್ ಒಳಗೆ ಒಂದು ಹೆಜ್ಜೆಗೆ ಬೀಳುತ್ತದೆ. ಸರಿಯಾದ ಕ್ಲಬ್. ಅದೇ ಪಿನ್, ಬಾಲ್ ಮಾತ್ರ ಐದು ಹೆಜ್ಜೆ ಹೊರಗಿದ್ದರೆ 8 ಐರನ್ ಫ್ರಿಂಜಿನ ಹುಲ್ಲಲ್ಲೇ ಬೀಳುತ್ತದೆ, ಅದು ನಂಬಿಕೆಗೆ ಅರ್ಹವಲ್ಲ. ಪಿಚಿಂಗ್ ವೆಡ್ಜ್ ಆದರೂ 5 ಗಾಳಿ, 10 ಉರುಳು, ಸರಿಯಾಗಿ ಅಂಚಿಗೇ ಬೀಳುತ್ತದೆ. ಅಲ್ಲಿ ಇನ್ನೂ ಲಾಫ್ಟ್ ಇರುವ ವೆಡ್ಜ್ ತೆಗೆಯಿರಿ. ಚಿಪ್ಪರ್ ಇದ್ದವರೂ ಆ ಜಾಗದಲ್ಲಿ ಅದನ್ನು ಹಿಡಿಯಬಾರದು.

ಇದು ಸಮತಟ್ಟಾದ ಗ್ರೀನ್‌ಗೆ. ಡಿಸೆಂಬರ್, ಜನವರಿ ಮುಂಜಾನೆ ಇಬ್ಬನಿ ಇರುವಾಗ ಕಡಿಮೆ ಉರುಳುತ್ತದೆ. ಮಾರ್ಚ್ ಮಧ್ಯಾಹ್ನ ಒಣಗಿದ ಗ್ರೀನಲ್ಲಿ ಜಾಸ್ತಿ. ರೌಂಡ್ ಶುರು ಮಾಡುವ ಮುಂಚೆ ಪ್ರಾಕ್ಟೀಸ್ ಗ್ರೀನಲ್ಲಿ ನಾಲ್ಕು ಬಾಲ್ ಉರುಳಿಸಿ ನೋಡಿಕೊಳ್ಳಿ.

ಬನಶಂಕರಿ ಬೋಗಿ:

ಈಗ ಅರ್ಥವಾಯಿತು. ನಾನು ಪಿನ್ ನೋಡಿ ಹೊಡೆಯುತ್ತಿದ್ದೆ, ಬೀಳುವ ಜಾಗ ನೋಡುತ್ತಲೇ ಇರಲಿಲ್ಲ. ಸದ್ಯಕ್ಕೆ 8 ಐರನ್ ಮುಂದುವರಿಸುತ್ತೇನೆ, ವೆಡ್ಜಿಗೆ ಬಾಲ್ ನಡುವಿಗೆ ತರುತ್ತೇನೆ. ಆದರೂ ಒಂದು ಪ್ರಶ್ನೆ ಉಳಿದಿದೆ. ಐರನ್ ಕೆಳಗೆ ಹಿಡಿದಾಗ ಮೇಲಿನ ಗ್ರಿಪ್ ತುದಿ ಮುಂಗೈಗೆ ಅಡ್ಡ ಬರುತ್ತದೆ. ನಾನು ಆರಡಿ ಎರಡಿಂಚು. ಚಿಪ್ಪರ್ ನನ್ನಂಥವರಿಗೆ ಗಿಡ್ಡ ಆಗಲ್ವಾ?

ಮುಂಜಾನೆ ಟೀ:

ನಿಮ್ಮ ಪಟರ್ ಎಷ್ಟು ಉದ್ದ ನೋಡಿ ಸರ್. 35 ಇಂಚಿನ ಪಟರ್ ಆರಾಮ ಅನಿಸುತ್ತಿದ್ದರೆ 35ರ ಚಿಪ್ಪರ್ ಕೂಡ ಆರಾಮ, ಎರಡಕ್ಕೂ ನಿಲುವು ಒಂದೇ. ಸುಮ್ನೆ ಫೋಟೋ ನೋಡಿ ಆರ್ಡರ್ ಮಾಡಬೇಡಿ. ಯಾರ ಹತ್ತಿರವಾದರೂ ಇದ್ದರೆ ಕೇಳಿ, ಪ್ರಾಕ್ಟೀಸ್ ಗ್ರೀನಲ್ಲಿ ಸ್ವಲ್ಪ ಆಡಿ. ಅದನ್ನೂ ನಿಮ್ಮ 8 ಐರನನ್ನೂ ಒಂದೇ ಜಾಗದಿಂದ ಒಂದಾದ ಮೇಲೆ ಒಂದು ಹೊಡೆಯಿರಿ. ವ್ಯತ್ಯಾಸ ಕಾಣದಿದ್ದರೆ ತಗೊಳ್ಳಬೇಡಿ.

ಸಿಂಗಲ್ ಹ್ಯಾಂಡಿಕ್ಯಾಪ್:

ತಗೊಂಡರೆ ಬ್ಯಾಗಿಂದ 4 ಐರನ್ ತೆಗೆಯಿರಿ, ವೆಡ್ಜ್ ತೆಗೆಯಬೇಡಿ. ಹ್ಯಾಂಡಿಕ್ಯಾಪ್ 22ಕ್ಕೆ 4 ಐರನ್ ಕೆಲಸವನ್ನು ಹೈಬ್ರಿಡ್ ಮಾಡುತ್ತದೆ.

ಬನಶಂಕರಿ ಬೋಗಿ:

4 ಐರನ್ ಇದೆ, ಹೊಡೆಯುವುದೇ ಅಪರೂಪ. ಜೊತೆಗೆ ಆಡುವ ಹಿರಿಯರ ಹತ್ತಿರ ಒಂದು ಚಿಪ್ಪರ್ ಇದೆ, ಈ ಭಾನುವಾರ ಕೊಡುತ್ತೇನೆ ಎಂದಿದ್ದಾರೆ. ಎರಡನ್ನೂ ಪಕ್ಕಪಕ್ಕ ಆಡಿ ಇಲ್ಲೇ ಬರೆಯುತ್ತೇನೆ. ಅವರದು ಒಂದೇ ಮುಖದ್ದು, ಗ್ರಿಪ್ ದುಂಡಗಿದೆ, ಕೇಳಿಕೊಂಡೆ.